ಮೊಮ್ಮಗಳ ಊರಿನ ಕಿಚಡಿ ಗುಳಿಗೆ

ಬ್ರಹ್ಮಪುರ

ಬಾಣಂತನ ಮಾಡಲು ಆಫ್ರಿಕಾಕ್ಕೆ ಹೋಗಿ ಬಂದ ಗಂಡಸು ನಮ್ಮ ಕಮಲಾಪುರ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಹೋಗಿ ಬಂದ ದಣಿವು ಇನ್ನೂ ಮೈಯಿಂದ ಇಳಿದಿಲ್ಲ. ಕೂತರೆ ಏಳುವುದು ಬೇಡ, ಎದ್ದರೆ ನಡೆಯುವುದು ಬೇಡ ಅನ್ನಿಸುತ್ತದೆ. ಆದರೂ ಯಾರಾದರೂ ಬಂದು ‘ಮೊಮ್ಮಗಳು ಹ್ಯಾಂಗಿದ್ದಾಳ್ರೀ’ ಅಂತ ಕೇಳಿದರೆ ಸಾಕು, ಚಹಾ ತಣ್ಣಗಾಗುವ ತನಕ ಮಾತಾಡುತ್ತೇನೆ. ನಮ್ಮೂರು ಮಹಾಗಾಂವದ ಜನ ಕೇಳಿ ಕೇಳಿ ಸಾಕಾಗಿ, ‘ಶರಣಪ್ಪ, ಬರದರ ಇಡಪ್ಪ, ಓದಕೋತೀವಿ’ ಅಂದರು. ನಾನು ಓದಿದ್ದು ನಾಲ್ಕನೇ ಇಯತ್ತೆ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನನ್ನ ಮಗಳು ಸುವರ್ಣಾಳ ಗಂಡ ರೇವಣಸಿದ್ಧ ತಾಂಜಾನಿಯಾ ದೇಶದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾನೆ. ಮಗಳು ಬಸುರಾದಾಗ ತವರಿಗೆ ಬರಬೇಕಿತ್ತು. ವಿಮಾನ ಹತ್ತಬೇಡ ಅಂತ ಅಲ್ಲಿನ ಡಾಕ್ಟರು ತಡೆದರು. ಅವಳ ತಾಯಿ ಇಲ್ಲ. ಅಳಿಯನ ತಾಯಿಯೂ ಇಲ್ಲ. ಕಲಬುರಗಿಯ ಬ್ರಹ್ಮಪುರದಲ್ಲಿರುವ ನನ್ನ ತಂಗಿ ಶಾಂತಾಬಾಯಿ ಹೋಗುತ್ತಿದ್ದಳು, ಆದರೆ ಅವಳ ಮೊಣಕಾಲು ಅಟ್ಟದ ಮೆಟ್ಟಿಲನ್ನೇ ಹತ್ತುವುದಿಲ್ಲ. ಉಳಿದವನು ನಾನು.

ಹೊರಡುವ ಹಿಂದಿನ ದಿನ ಅವಳ ಮನೆಯಲ್ಲಿ ಗಂಟು ಕಟ್ಟುತ್ತಿದ್ದೆವು. ಅಂಟಿನುಂಡಿ, ಸುಂಠಿ, ಬಜೆಬೇರು, ಒಂದು ಡಬ್ಬಿ ಖಡಕ್ ರೊಟ್ಟಿ.

‘ಅಣ್ಣಾ, ಕೂಸಿಗಿ ನೀರು ಎರಿಯಾಕ ಬರ್ತದೇನು ನಿನಗ? ಕಾಲಮ್ಯಾಲ ಹಾಕ್ಕೊಂಡು ಎರೀಬೇಕು’ ಅಂದಳು ಶಾಂತಾಬಾಯಿ.

‘ಎತ್ತಿನ ಮೈ ತೊಳದೀನಿ.’

‘ಕೂಸು ಎತ್ತಲ್ಲೋ ಮಾರಾಯಾ!’

ಅದೇ ಕಲಬುರಗಿಯ ಮೋಮಿನಪುರದ ದರ್ಜಿ ಮಸ್ತಾನಸಾಬ ನನ್ನ ಹಳೆಯ ದೋಸ್ತ. ಕೂಸಿನ ತಲೆಗೆ ಕುಂಚಿಗೆ ಹೊಲಿದು ಕೊಟ್ಟು, ‘ಕ್ಯಾ ರೇ, ಗಂಡಸು ಬಾಣಂತನಕ್ಕ ಹೊಂಟೀ? ತಲಿಗೊಂದು ಬಟ್ಟಿ ಕಟ್ಟಕೋ, ಗಾಳಿ ಬಡದೀತು’ ಅಂತ ಅಂಗಡಿಯ ಮಂದಿಯೆಲ್ಲ ನಗುವಂತೆ ಹೇಳಿದ. ನಗಲಿ ಬಿಡ್ರಿ. ನನಗೆ ಬೇಕಾದದ್ದು ಒಂದೇ ಇತ್ತು. ನನ್ನ ಮಗಳ ಕೂಸನ್ನು ಈ ಎರಡು ಕೈಯಿಂದ ತೊಟ್ಟಿಲಿಗೆ ಹಾಕಬೇಕು. ಆಮೇಲೆ ಕಾಲು ಬಿದ್ದುಹೋದರೂ ಹರಕತ್ ಇಲ್ಲ.

ದಾರೆಸ್ಸಲಾಂ

ವಿಮಾನದಿಂದ ಸಮುದ್ರ ಕಾಣುತ್ತದೆ, ಮೋಡ ಕಾಣುತ್ತದೆ ಅಂತ ಬರೆಯುತ್ತಾರೆ. ನನಗೆ ಕಂಡದ್ದು ಮುಂದಿನ ಕುರ್ಚಿಯ ಬೆನ್ನು. ಕಲಬುರಗಿಯಿಂದ ಮುಂಬಯಿಗೆ ರೈಲಿನಲ್ಲಿ ಕೂತೇ ಬಂದಿದ್ದೆ, ಮುಂಬಯಿಯಲ್ಲಿ ನೆಲದ ಮೇಲೆ ಕಾದಿದ್ದೆ. ದಾರೆಸ್ಸಲಾಂ ಎಂಬ ಊರಲ್ಲಿ ಇಳಿದಾಗ ನನ್ನ ಕಾಲು ನನ್ನವಲ್ಲ ಅನ್ನುವ ಹಾಗಿದ್ದವು. ಸೆಕೆ ನಮ್ಮ ಸೆಕೆಯಂಥದಲ್ಲ. ಕಲಬುರಗಿಯ ಬಿಸಿಲು ಹೊಡೆದು ಸುಮ್ಮನಾಗುತ್ತದೆ. ಅಲ್ಲಿಯದು ಒದ್ದೆ ಕಂಬಳಿಯ ಹಾಗೆ ಮೈಗೆ ಸುತ್ತಿಕೊಳ್ಳುತ್ತದೆ.

ಸಾಮಾನು ನೋಡುವ ಸಾಹೇಬ ನನ್ನ ಡಬ್ಬಿ ತೆಗೆಸಿದ. ಖಡಕ್ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದ, ಟಣ್ ಟಣ್ ಅಂತು. ಅವನಿಗೆ ಸಂಶಯ. ನಾನೊಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದು ತೋರಿಸಿದೆ. ನಾಲ್ಕು ಮಂದಿ ತಿರುಗಿ ನೋಡಿದರು. ಆಮೇಲೆ ಬಜೆಬೇರು ಅವನ ಕೈಗೆ ಸಿಕ್ಕಿತು. ಮೂಸಿ ನೋಡಿ, ಹುಬ್ಬು ಏರಿಸಿ ಒಂದೇ ಮಾತು ಕೇಳಿದ: ‘ದಾವಾ?’

ನನಗೆ ಮೈಯೆಲ್ಲ ಕಿವಿಯಾಯಿತು. ‘ಹಾಂ ಸಾಬ್, ದವಾ! ದವಾ! ದವಾಖಾನಿ ದವಾ!’

ಅವನು ನಕ್ಕು ಗಂಟು ಕಟ್ಟಿಕೊಟ್ಟ. ಕಡಲು ದಾಟಿ ಬಂದರೆ ಔಷಧಿಗೆ ನಮ್ಮ ಮೋಮಿನಪುರದ ಮಾತೇ ಇದೆಯಲ್ಲ! ಅಲ್ಲಿಂದ ಕಾರ್ಖಾನೆಯ ಊರು ಮುಟ್ಟುವ ತನಕ ಅಳಿಯನ ಜೀಪಿನಲ್ಲಿ ತೂಕಡಿಸುತ್ತ, ಎಚ್ಚರವಾದಾಗಲೆಲ್ಲ ‘ದವಾ ಅಂತಾರಲ್ಲೋ ಇವರೂ’ ಅಂತ ಹೇಳಿದೆನಂತೆ. ಅವನು ಪಾಪ, ಪ್ರತಿ ಸಲವೂ ‘ಹೌದ್ರೀ ಮಾವಾರ’ ಅಂದನಂತೆ.

ಕಬ್ಬಿನ ಊರು

ಊರೆಂದರೆ ಕಬ್ಬು. ಎತ್ತ ನೋಡಿದರೂ ಕಬ್ಬು, ನಡುವೆ ಕಾಲುವೆಗಳು, ಕಾಲುವೆಯಲ್ಲಿ ನಿಂತ ನೀರು, ನೀರಿನ ಮೇಲೆ ಸೊಳ್ಳೆ. ಕಾರ್ಖಾನೆಯವರ ಮನೆಗಳು ಸಾಲಾಗಿ ಇದ್ದವು. ಮಗಳು ಬಾಗಿಲಲ್ಲಿ ಹೊಟ್ಟೆ ಹೊತ್ತು ನಿಂತಿದ್ದಳು. ಅವಳನ್ನು ಕಂಡವನೇ ರೊಟ್ಟಿಯ ಡಬ್ಬಿ ಮುಂದೆ ಚಾಚಿದೆ. ‘ಯಪ್ಪಾ, ಒಳಗ ಬಾ ಮೊದಲ’ ಅಂದಳು.

ಆ ಜನರ ಕೆಲವು ರೀತಿ ನನಗೆ ಬಹಳ ಹಿಡಿಸಿದವು. ಅವರಲ್ಲಿ ದಾರಿಯಲ್ಲಿ ಸಿಕ್ಕವರು ಸುಮ್ಮನೆ ದಾಟಿ ಹೋಗುವುದಿಲ್ಲ. ‘ಹಬಾರಿ’ ಅಂತ ನಿಲ್ಲುತ್ತಾರೆ. ಅದೂ ನಮ್ಮ ‘ಖಬರ್’. ಮನೆಯ ಖಬರ್, ಕೆಲಸದ ಖಬರ್, ಮಕ್ಕಳ ಖಬರ್ ಎಲ್ಲ ಮುಗಿದ ಮೇಲೆ ಬಂದ ಕೆಲಸ. ಗಡಿಯಾರವನ್ನು ಅವರು ಹೊತ್ತು ಹುಟ್ಟಿದಾಗಿನಿಂದ ಎಣಿಸುತ್ತಾರೆ, ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಹೊಲದವನಿಗೆ ಹೊಂದುವ ಲೆಕ್ಕ.

ಬಾಳೆಯ ವಿಷಯದಲ್ಲಿ ಮಾತ್ರ ಮೋಸ ಹೋದೆ. ಕಮಲಾಪುರದ ಕೆಂಪುಬಾಳೆ ತಿಂದು ಬೆಳೆದ ಬಾಯಿ ನನ್ನದು. ಸಂತೆಯಲ್ಲಿ ದಪ್ಪ ಗೊನೆ ಕಂಡು ಒಂದು ಹಣ್ಣು ಸುಲಿದು ಕಚ್ಚಿದೆ. ಹಲ್ಲು ಕೂತಲ್ಲೇ ಕೂತಿತು. ಅದು ಪಲ್ಯದ ಬಾಳೆ! ಮಾರುವ ಹೆಂಗಸು ನೆಲಕ್ಕೆ ಕೈ ಬಡಿದು ಬಡಿದು ನಕ್ಕಳು.

ಪಕ್ಕದ ಮನೆಯಲ್ಲಿ ಕಾರ್ಖಾನೆಯ ದವಾಖಾನೆಯ ನರ್ಸಮ್ಮ ಇದ್ದಳು. ಎಲ್ಲರೂ ಅವಳನ್ನು ಮಾಮಾ ನೀಮಾ ಅಂತ ಕರೆಯುತ್ತಿದ್ದರು. ‘ಹೆಣಮಗಳಿಗಿ ಮಾಮಾ ಅಂತ ಯಾಕಂತಾರಬೇ?’ ಅಂತ ಮಗಳನ್ನು ಕೇಳಿದೆ. ಅವರಲ್ಲಿ ಮಾಮಾ ಎಂದರೆ ತಾಯಿ, ನೀಮಾ ಎಂಬ ಮಗಳ ತಾಯಿ. ನನ್ನನ್ನು ಆಕೆ ಬಾಬು ಅಂದಳು. ಬಾಬು ಎಂದರೆ ಅಜ್ಜ, ನಮ್ಮ ಕಡೆಯ ಮುತ್ಯಾ. ಕೂಸು ಇನ್ನೂ ಹುಟ್ಟಿರಲಿಲ್ಲ, ನಾನು ಆಗಲೇ ಅಜ್ಜ ಆಗಿಬಿಟ್ಟಿದ್ದೆ! ದಿನಾ ಸಂಜೆ ಅವಳ ಬಾಯಿಂದ ಆ ಮಾತು ಕೇಳುವುದಕ್ಕಾಗಿ ಬೇಲಿಯ ಬಳಿ ಸುಮ್ಮನೆ ಹೋಗಿ ಕೆಮ್ಮುತ್ತಿದ್ದೆ.

ಕೂಸು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಹುಟ್ಟಿತು. ಮನೆ ಕಾಯುತ್ತಿದ್ದ ನನಗೆ ಅಳಿಯ ಫೋನ್ ಮಾಡಿದ. ‘ಮಾವಾರ, ಹೆಣ್ಣು ಕೂಸು. ಇಬ್ಬರೂ ಆರಾಮ ಇದ್ದಾರ್ರೀ.’ ಫೋನನ್ನು ಸರಿಯಾಗಿ ಇಟ್ಟೆನೋ ಇಲ್ಲವೋ ಗೊತ್ತಿಲ್ಲ. ಸಕ್ಕರೆಯ ಡಬ್ಬಿ ಹಿಡಿದು ಬೀದಿಗಿಳಿದೆ. ಅವರ ಮಾತು ನನಗೆ ಬರುವುದಿಲ್ಲ, ನನ್ನದು ಅವರಿಗೆ ಬರುವುದಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಕಬ್ಬು ಕಡಿಯುವವರ ತನಕ ಎಲ್ಲರ ಅಂಗೈಗೆ ಸಕ್ಕರೆ ಹಾಕಿ, ತೊಡೆಯ ಮೇಲೆ ಕೂಸು ಆಡಿಸುವ ಹಾಗೆ ಮಾಡಿ, ನನ್ನ ಎದೆ ಬಡಿದುಕೊಂಡು ‘ಬಾಬು! ಬಾಬು!’ ಅಂದೆ. ಸಕ್ಕರೆ ಕಾರ್ಖಾನೆಯವರಿಗೇ ಸಕ್ಕರೆ ಹಂಚಿದ ಮೊದಲ ಮನುಷ್ಯ ನಾನು ಅಂತ ಅಳಿಯ ಇಂದಿಗೂ ನಗುತ್ತಾನೆ.

ಹೋಮ

ಮಗಳು ಕೂಸನ್ನು ಎತ್ತಿಕೊಂಡು ಮನೆಗೆ ಬರುವ ದಿನ ಬೆಳಗ್ಗೆ ನನಗೆ ಚಳಿ ಹತ್ತಿತು. ಹಾಸಿದ ಚಾಪೆಯೂ ನಡುಗುವಂಥ ಚಳಿ. ಆಮೇಲೆ ಸುಡುವ ಜ್ವರ, ಆಮೇಲೆ ಬೆವರು. ಜೀಪು ಬಂದ ಸದ್ದು ಕೇಳಿ ಗೋಡೆ ಹಿಡಿದು ಎದ್ದೆ. ಬಾಗಿಲ ತನಕ ಹೋದವನು ಅಲ್ಲೇ ನಿಂತೆ. ಹಸಿಗೂಸಿನ ಹತ್ತಿರ ಈ ಮೈ ಹೇಗೆ ಒಯ್ಯಲಿ? ಬಿಳಿ ಬಟ್ಟೆಯೊಳಗಿಂದ ಒಂದು ಕೈ ಹೊರಗೆ ಬಂದಿತ್ತು, ಕಡಲೆಯಷ್ಟು ಮುಷ್ಟಿ. ಅಷ್ಟೇ ಕಂಡದ್ದು. ಸಾವಿರ ಹರದಾರಿ ಬಂದು ಒಂದು ಮುಷ್ಟಿ ನೋಡಿ ಮತ್ತೆ ಮಲಗಿದೆ.

ಮಾಮಾ ನೀಮಾ ಬಂದು ನನ್ನ ಹಣೆ ಮುಟ್ಟಿ ಮಗಳಿಗೆ ಹೇಳಿದಳು: ‘ಬಾಬು ಅನಾ ಹೋಮಾ.’

ಜ್ವರದಲ್ಲಿದ್ದರೂ ಆ ಒಂದು ಮಾತು ನನಗೆ ಚೆನ್ನಾಗಿ ಕೇಳಿಸಿತು. ಸಿಟ್ಟು ಬಂತು.

‘ಏ ಸುವರ್ಣಾ, ಆಕಿಗಿ ಹೇಳು. ನಾವು ಲಿಂಗ ಕಟ್ಟಿದವರು. ಹೋಮ-ಗೀಮ ಮಾಡಂಗಿಲ್ಲ. ಬೇಕಂದ್ರ ವಿಭೂತಿ ಹಚ್ಚಲಿ.’

ಮಗಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ‘ಯಪ್ಪಾ, ನಗಸಬ್ಯಾಡೋ, ನೋಯಾಕತ್ತದ. ಹೋಮಾ ಅಂದ್ರ ಇವರ ಮಾತಿನಾಗ ಜ್ವರ! ನಿನಗ ಜ್ವರ ಬಂದಾವ ಅನ್ನಾಕತ್ತಾಳ!’

ಕಣ್ಣು ಮುಚ್ಚಿ ಯೋಚಿಸಿದೆ. ಸುಳ್ಳೇನಲ್ಲ. ಮೈಯೊಳಗೆ ಯಾರೋ ತುಪ್ಪ ಸುರಿದು ಬೆಂಕಿ ಎಬ್ಬಿಸಿದ ಹಾಗೇ ಇತ್ತು.

ಬೆರಳು ಚುಚ್ಚಿ ರಕ್ತ ನೋಡಿದರು. ಮಲೇರಿಯಾ, ಅದರಲ್ಲೂ ಕೆಟ್ಟ ಜಾತಿಯದು. ಮಾಮಾ ನೀಮಾ ಹಳದಿ ಗುಳಿಗೆಯ ಪಟ್ಟಿ ಕೊಟ್ಟು, ‘ದಾವಾ ಯಾ ಮಸೇಟೊ’ ಅಂದಳು. ಅಲ್ಲಿ ಆಗತಾನೇ ಬಂದಿದ್ದ ಔಷಧಿ ಅದು. ಹಳೆಯ ಗುಳಿಗೆಗಳು ಈಗ ಈ ರೋಗದ ಮುಂದೆ ನಡೆಯುತ್ತಿಲ್ಲವಂತೆ. ಮೂರು ದಿನ, ಹೊತ್ತು ತಪ್ಪದೆ, ಎಲ್ಲ ಗುಳಿಗೆ ಮುಗಿಸಬೇಕು. ಪ್ರತಿ ಸಲವೂ ಹಾಲು ಕುಡಿದು, ಇಲ್ಲವೇ ಶೇಂಗಾ, ಎಣ್ಣೆಯ ಅಡುಗೆ ತಿಂದು ನುಂಗಬೇಕು.

‘ಜ್ವರದಾಗ ಹಾಲೇನ? ಎಣ್ಣಿಯೇನ? ಕೊಲ್ಲಬೇಕಂತ ಮಾಡೀರೇನು?’ ಅಂದೆ. ನಮ್ಮಲ್ಲಿ ಜ್ವರ ಬಂದವನಿಗೆ ಕೊಡುವುದು ಜೋಳದ ತಿಳಿಗಂಜಿ, ಒಂದು ಹರಳು ಉಪ್ಪು. ಹಾಲು ಕುಡಿದರೆ ಜ್ವರ ಮೈಯಲ್ಲೇ ಮನೆ ಮಾಡುತ್ತದೆ ಅಂತ ನಮ್ಮವ್ವ ಹೇಳುತ್ತಿದ್ದಳು.

ಮಾಮಾ ನೀಮಾ ಸೊಂಟದ ಮೇಲೆ ಕೈ ಇಟ್ಟುಕೊಂಡು ಏನೋ ಹೇಳಿದಳು. ಮಗಳು ಅದನ್ನು ನನ್ನ ಭಾಷೆಗೆ ತಂದಳು. ‘ಯಪ್ಪಾ, ಜಿಡ್ಡು ಇಲ್ಲಂದ್ರ ಈ ಗುಳಗಿ ರಕ್ತದಾಗ ಇಳಿಯಂಗಿಲ್ಲಂತ. ನೀ ಬಂಡಿಗಿ ಕೀಲೆಣ್ಣಿ ಹಾಕ್ತಿದ್ದಿಲ್ಲ? ಹಾಂಗ ತಿಳಕೋ.’

ಕೀಲೆಣ್ಣೆ ಹಾಕದ ಬಂಡಿ ನಾನು ಎಂದೂ ಹೂಡಿದವನಲ್ಲ. ಮೂಗು ಮುಚ್ಚಿಕೊಂಡು ಹಾಲು ಕುಡಿದೆ.

ಮಸೇಟೊ

ಮರುದಿನ ಹೊತ್ತೇರುವಾಗ ಜ್ವರ ಇಳಿದಿತ್ತು! ನನಗೇ ನಂಬಿಕೆ ಬರಲಿಲ್ಲ. ಮೈ ಬಾಡಿದ ಸೊಪ್ಪಿನ ಹಾಗಿತ್ತು, ಆದರೆ ತಣ್ಣಗಿತ್ತು. ಚಿಕ್ಕವನಿದ್ದಾಗ ನಮ್ಮ ಊರಲ್ಲೂ ಚಳಿಜ್ವರ ಬರುತ್ತಿತ್ತು. ಸರಕಾರದವರು ಕಹಿ ಗುಳಿಗೆ ಕೊಡುತ್ತಿದ್ದರು. ಚಳಿ ಬಿಟ್ಟ ದಿನ ನಾವೂ ಗುಳಿಗೆ ಬಿಡುತ್ತಿದ್ದೆವು. ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ದೀಪದ ಗೂಡಿನಲ್ಲಿ ಇಡುವುದು ಮನೆ ಮನೆಯ ರೂಢಿ. ಮುಂದಿನ ವರ್ಷ ಇನ್ನೊಬ್ಬರಿಗೆ ಬಂದರೆ ಆದೀತು ಅಂತ.

ನಾನೂ ಹಾಗೇ ಮಾಡಿದೆ. ಉಳಿದ ಗುಳಿಗೆಗಳನ್ನು ಮಸ್ತಾನಸಾಬ ಹೊಲಿದ ಕುಂಚಿಗೆಯ ಮಡಿಕೆಯಲ್ಲಿಟ್ಟು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಮಗಳ ಕೋಣೆಯ ಬಾಗಿಲಿಗೆ ಬಂದೆ.

‘ಸುವರ್ಣಾ, ಜ್ವರ ಹೋದ್ವು ನೋಡವ್ವ. ತಾ ಕೂಸು.’

‘ಗುಳಗಿ ಮುಗದ್ವೇನು?’

‘ಮುಗದಂಗೇ. ಉಳದದ್ದು ಕೂಸಿಗಿ ಇಟ್ಟೀನಿ. ಈ ಸೊಳ್ಳಿ ಊರಾಗ ಇರಾಕಿ ಅಕಿ. ನಾಳೆ ನಾ ಹೋದಮ್ಯಾಲ ಅಕಿಗಿ ಬಂದ್ರ? ಮುತ್ಯಾ ಇಟ್ಟ ಗುಳಗಿ ಇರಲಿ ಅಕಿ ಪಾಲಿಗಿ.’ ಅಂತ ಕುಂಚಿಗೆ ಬಿಚ್ಚಿ ತೋರಿಸಿದೆ.

ಅವಳು ಹೊಗಳುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಬಿಳಿಚಿಕೊಂಡಿತು. ಕೂಸನ್ನು ಎದೆಗೆ ಒತ್ತಿಕೊಂಡಳು.

‘ಯಪ್ಪಾ! ದೊಡ್ಡವರ ಗುಳಗಿ ಹಸಿಗೂಸಿಗಿ ಕೊಡತಾರೇನೋ? ನೀ ಅರ್ಧಕ್ಕ ಬಿಟ್ರ ಜ್ವರ ಮತ್ತ ಏಳ್ತಾವ. ನಿನಗ ಕಡದ ಸೊಳ್ಳಿ ನಾಳೆ ಕೂಸಿಗೂ ಕಡೀತದ. ಅವ್ವಾ ಅಂತೂ ಇಲ್ಲ. ನೀನೂ...’ ಮಾತು ಮುರಿದು ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು ಗಟ್ಟಿಯಾಗಿ ಅಂದಳು, ‘ಗುಳಗಿ ಎಲ್ಲಾ ಮುಗಿಸೂ ತನ ಕೂಸಿಗಿ ಮುಟ್ಟಂಗಿಲ್ಲ ನೀ. ನಿಂದು ನನಗ ಗೊತ್ತದ.’

ಗಲಾಟೆ ಕೇಳಿ ಮಾಮಾ ನೀಮಾ ಬಂದಳು. ಮುಟ್ಟಿದರೆ ಈ ರೋಗ ಬರುವುದಿಲ್ಲ, ಸೊಳ್ಳೆ ಕಚ್ಚಿದರೆ ಬರುತ್ತದೆ, ಎಲ್ಲರೂ ಪರದೆಯೊಳಗೆ ಮಲಗಿರಿ ಅಂತ ಹೇಳಿದಳು. ನನಗೆ ಆಸೆ ಬಂತು. ಆದರೆ ಗುಳಿಗೆಯ ಕಥೆ ಕೇಳಿದ ಮೇಲೆ ಆಕೆಯೂ ಮಗಳ ಕಡೆಯೇ ಸೇರಿದಳು.

‘ಜ್ವರಾನೇ ಇಲ್ಲ, ಗುಳಗಿ ಯಾಕ?’ ಅಂತ ನನ್ನ ವಾದ.

ಮಾಮಾ ನೀಮಾ ವಾದ ಮಾಡಲಿಲ್ಲ. ತನ್ನ ಮನೆಗೆ ಹೋಗಿ ಒಂದು ತಟ್ಟೆ ತಂದು ನನ್ನ ಮುಂದೆ ಇಟ್ಟಳು. ನೋಡಿದರೆ ಅಕ್ಕಿ, ಹೆಸರುಕಾಳು ಕೂಡಿಸಿ ಬೇಯಿಸಿದ ಕಿಚಡಿ! ‘ಮಸೇಟೊ’ ಅಂದಳು. ಆಮೇಲೆ ಗುಳಿಗೆ ತೋರಿಸಿ, ‘ಮಸೇಟೊ’ ಅಂದಳು. ಕಿಚಡಿಗೂ ಆ ಗುಳಿಗೆಗೂ ಅವರಲ್ಲಿ ಒಂದೇ ಹೆಸರು. ಎರಡು ಕೂಡಿಸಿದ್ದು ಅಂತ ಅರ್ಥ. ಒಂದು ಹೊಲದಲ್ಲಿ ಎರಡು ಬೆಳೆ ಹಾಕಿದರೂ ಹಾಗೇ ಅನ್ನುತ್ತಾರಂತೆ.

ಹೊಲದ ಮಾತು ಬಂದಾಗ ನಾನು ತಟ್ಟೆ ಬಿಟ್ಟು ಮುಖ ಎತ್ತಿದೆ. ಮಗಳು ಒಂದೊಂದೇ ಮಾತು ತಿರುಗಿಸಿ ಹೇಳಿದಳು. ಆ ಒಂದು ಗುಳಿಗೆಯೊಳಗೆ ಎರಡು ಔಷಧಿ ಇವೆ. ಒಂದು ಓಡುವ ಕುದುರೆ. ಬಂದ ದಿನವೇ ರೋಗದ ಹುಳುಗಳನ್ನು ಹೊಡೆದು, ಜ್ವರ ಇಳಿಸಿ, ತಾನೂ ಮೈಯಿಂದ ಹೊರಟುಹೋಗುತ್ತದೆ. ಇನ್ನೊಂದು ನಿಧಾನದ್ದು. ಅದು ಎಷ್ಟೋ ದಿನ ರಕ್ತದಲ್ಲಿ ನಿಂತು, ಅಡಗಿ ಕೂತ ಹುಳುಗಳನ್ನು ಹುಡುಕಿ ಮುಗಿಸುತ್ತದೆ. ಓಡುವುದು ಒಂದೇ ಇದ್ದರೆ ಅಡಗಿದವು ಉಳಿಯುತ್ತವೆ. ನಿಧಾನದ್ದು ಒಂದೇ ಇದ್ದರೆ ಮೊದಲ ದಿನದ ದಂಡನ್ನು ತಡೆಯಲಾರದು. ಅರ್ಧಕ್ಕೆ ಬಿಟ್ಟರೆ ಉಳಿದ ಹುಳು ಔಷಧಿಯ ರುಚಿ ಕಂಡು ಗಟ್ಟಿಯಾಗುತ್ತದೆ. ಆಮೇಲೆ ಯಾರಿಗೂ ಆ ಔಷಧಿ ನಾಟುವುದಿಲ್ಲ.

ನಮ್ಮ ಮಹಾಗಾಂವದ ಹೊಲ ಕಣ್ಣಿಗೆ ಕಟ್ಟಿತು. ಮುಂಗಾರಿಗೆ ನಾವು ಹೆಸರನ್ನೂ ತೊಗರಿಯನ್ನೂ ಕೂಡಿಸಿಯೇ ಬಿತ್ತುತ್ತೇವೆ. ಹೆಸರು ಬೇಗ ಬರುತ್ತದೆ, ಮಳೆ ಮುಗಿಯುವ ಮೊದಲೇ ಕಿತ್ತು ರಾಶಿ ಮಾಡುತ್ತೇವೆ. ತೊಗರಿ ಆಗ ಇನ್ನೂ ಮೊಣಕಾಲೆತ್ತರ. ಅದು ಚಳಿಗಾಲದ ತನಕ ಬೇರು ಇಳಿಸಿ ನಿಂತು, ವರ್ಷದ ಬೇಳೆ ಕೊಡುತ್ತದೆ. ಹೆಸರು ಕಿತ್ತ ಖುಷಿಯಲ್ಲಿ ತೊಗರಿಯನ್ನೂ ಕಿತ್ತು ಬಂದವನಿಗೆ ನಮ್ಮ ಊರಲ್ಲಿ ಏನಂತಾರೆ? ಹುಚ್ಚ ಅಂತಾರೆ.

‘ಸುವರ್ಣಾ, ಹಾಲು ಕಾಸು’ ಅಂದೆ.

‘ಯಾಕ?’

‘ತೊಗರಿ ನಿಂದರಸಬೇಕು.’

ಅವಳಿಗೆ ಅರ್ಥವಾಯಿತು. ರೈತನ ಮಗಳಲ್ಲವೇ! ಮಾಮಾ ನೀಮಾಳಿಗೆ ಅದನ್ನು ತಿರುಗಿಸಿ ಹೇಳಿದಳು. ಆಕೆ ಚಪ್ಪಾಳೆ ತಟ್ಟಿ ನನ್ನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟಳು. ಜ್ವರಕ್ಕಿಂತ ಅದೇ ಜೋರಾಗಿತ್ತು.

ಉಳಿದ ದಿನಗಳು ಎಳೆದವು. ಜ್ವರವಿಲ್ಲದ ಮೈಗೆ ಗುಳಿಗೆ ನುಂಗುವುದು ಜ್ವರದಲ್ಲಿ ನುಂಗುವುದಕ್ಕಿಂತ ಕಷ್ಟ. ತಲೆ ತಿರುಗುತ್ತಿತ್ತು, ಬಾಯಿಗೆ ರುಚಿ ಇರಲಿಲ್ಲ, ಹಾಲು ಕಂಡರೆ ಮುಖ ತಿರುಗಿಸುತ್ತಿದ್ದೆ. ನಿದ್ದೆ ಮುಗಿದ ಮೇಲೂ ನಿದ್ದೆ ಬೇಕು ಅನ್ನಿಸುತ್ತಿತ್ತು. ನನ್ನ ಪರದೆ ಈ ಕೋಣೆಯಲ್ಲಿ, ಕೂಸಿನ ಪರದೆ ಆ ಕೋಣೆಯಲ್ಲಿ. ನಡುವೆ ಒಂದು ಗೋಡೆ. ಅದು ಅತ್ತರೆ ನಾನು ಎದ್ದು ಕೂರುತ್ತಿದ್ದೆ, ಸುಮ್ಮನಾದರೆ ಮಲಗುತ್ತಿದ್ದೆ. ಸೀನಿದರೆ ಗೋಡೆಯ ಈ ಕಡೆಯಿಂದ ‘ಚಿರಂಜೀವಿ’ ಅನ್ನುತ್ತಿದ್ದೆ. ‘ಯಪ್ಪಾ, ಅದು ಬೆಕ್ಕು ಸೀನಿದ್ದು’ ಅಂತ ಒಮ್ಮೆ ಮಗಳು ಆ ಕಡೆಯಿಂದ ಕೂಗಿದಳು. ಬೆಕ್ಕೂ ಬದುಕಲಿ ಅಂದೆ. ಊರಿಗೆ ಮರಳುವ ಟಿಕೀಟಿನ ದಿನ ಹತ್ತಿರ ಬರುತ್ತಿತ್ತು. ತೊಟ್ಟಿಲಿಗೆ ಹಾಕುವ ಶಾಸ್ತ್ರ ನನಗಾಗಿಯೇ ಮುಂದೆ ಹೋಗಿತ್ತು. ಮತ್ತೆ ಜ್ವರ ಬಂದರೆ ಕೂಸಿನ ಮುಷ್ಟಿಯಷ್ಟನ್ನೇ ನೋಡಿ ವಿಮಾನ ಹತ್ತಬೇಕು. ಅದನ್ನು ನೆನೆಸಿದಾಗಲೆಲ್ಲ ಹಾಲು ತಾನಾಗಿ ಗಂಟಲಲ್ಲಿ ಇಳಿಯುತ್ತಿತ್ತು.

ಕೊನೆಯ ಗುಳಿಗೆ ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ಮಗಳಿಗೆ ತೋರಿಸಿದೆ. ‘ಇನ್ನೊಮ್ಮಿ ರಕ್ತ ನೋಡಲಿ, ಆಮ್ಯಾಲ ಕೂಸು’ ಅಂದಳು. ಚಳಿ ಮತ್ತೆ ಬರಲಿಲ್ಲ. ಕೆಲವು ದಿನ ಕಳೆದ ಮೇಲೆ ಮಾಮಾ ನೀಮಾ ನನ್ನ ಇನ್ನೊಂದು ಬೆರಳು ಚುಚ್ಚಿ, ಗಾಜಿನಲ್ಲಿ ರಕ್ತ ನೋಡಿ ಬಂದಳು. ನನ್ನ ಹೊಲ ಸ್ವಚ್ಛ ಇದೆ ಅಂದಳು.

ತೊಟ್ಟಿಲು

ಶಾಸ್ತ್ರದ ದಿನ ಕಾರ್ಖಾನೆಯ ಬಡಗಿ ಮಾಡಿಕೊಟ್ಟ ತೊಟ್ಟಿಲನ್ನು ನಡುಮನೆಯಲ್ಲಿ ತೂಗು ಹಾಕಿದ್ದರು. ಸಾಲಿನ ಮನೆಗಳ ಹೆಂಗಸರೆಲ್ಲ ಬಂದಿದ್ದರು. ನಮ್ಮ ರೀತಿಯಂತೆ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕಿ ತೂಗಿ, ಅದರ ಹಾಗೆ ಕೂಸು ಗಟ್ಟಿಯಾಗಲಿ ಅಂತ ಹರಸಿ, ಆಮೇಲೆ ಕೂಸನ್ನು ಹಾಕಬೇಕು. ಅಲ್ಲಿ ಗುಂಡುಕಲ್ಲು ಎಲ್ಲಿಂದ ಬರಬೇಕು? ಅಳಿಯ ಕಾಲುವೆಯ ದಂಡೆಯಿಂದ ನುಣುಪಾದ ಒಂದು ಕಲ್ಲು ತಂದ. ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಬೇಕು. ಮಾಮಾ ನೀಮಾಳನ್ನೇ ಸೋದರತ್ತೆ ಮಾಡಿದೆವು. ಹೆಸರು ಹೇಳುವಾಗ ಅತ್ತೆಯ ಬೆನ್ನಿಗೆ ಎಲ್ಲರೂ ಗುದ್ದುತ್ತಾರೆ ಅಂತ ಮೊದಲೇ ತಿಳಿಸಿದಾಗ, ಆಕೆ ನನ್ನ ಕಡೆ ನೋಡಿ ಕಣ್ಣು ದೊಡ್ಡದು ಮಾಡಿದಳು.

ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು. ನಿಲ್ಲುವ ಶಕ್ತಿ ಇನ್ನೂ ಬಂದಿರಲಿಲ್ಲ. ಮಗಳು ಬಂದು, ಮೊಣಕಾಲೂರಿ, ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು.

‘ತಗೋ ಯಪ್ಪಾ. ಗಳಿಸಿದಿ.’

ಏನಂತ ಬರೆಯಲಿ? ನಾಲ್ಕು ಸೇರು ಹಿಟ್ಟಿನಷ್ಟು ಭಾರ. ಬಿಸಿ. ಅದು ಜ್ವರದ ಬಿಸಿಯಲ್ಲ, ಹೊಸ ರೊಟ್ಟಿಯ ಬಿಸಿ. ನನ್ನ ಮುಖ ನೋಡಿ ಹಣೆ ಗಂಟು ಹಾಕಿತು, ಈ ಮುದುಕ ಯಾರು ಅನ್ನುವ ಹಾಗೆ. ಆಮೇಲೆ ಬಾಯಿ ತುಂಬ ಆಕಳಿಸಿತು. ಅದರ ಆಕಳಿಕೆ ನನಗೂ ತಗಲಿತು. ಇಬ್ಬರೂ ದಣಿದವರೇ, ಅದು ಬರುವ ದಾರಿಯಲ್ಲಿ, ನಾನು ಬಂದ ದಾರಿಯಲ್ಲಿ. ಎರಡೂ ಕೈಯಿಂದ ಸುತ್ತಿ ಹಿಡಿದೆ.

ಮಾಮಾ ನೀಮಾ ಬಾಗಿ ಕೂಸಿನ ಕಿವಿಯಲ್ಲಿ ‘ಕುರ್‍ರ್’ ಅಂದು ಹೆಸರು ಹೇಳಿದಳು. ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಧಬಧಬ ಗುದ್ದಿ ನಕ್ಕರು.

‘ಮಾವಾರ, ಇನ್ನ ತೊಟ್ಟಲದಾಗ ಹಾಕ್ರಿ’ ಅಂದ ಅಳಿಯ.

‘ಹಾಕ್ತೀನಿ.’

‘ಯಪ್ಪಾ, ಮಂದಿ ಕಾಯಾಕತ್ತಾರ.’

‘ಕಾಯಲಿ ತಡಿ. ನಾ ಕಾದಿಲ್ಲೇನು?’

ಇಷ್ಟು ದೂರ ಬಂದದ್ದೇ ಅದನ್ನು ತೊಟ್ಟಿಲಿಗೆ ಹಾಕಲು. ಆ ಹೊತ್ತು ಬಂದಾಗ ನನ್ನ ಕೈ ಕೇಳಲಿಲ್ಲ. ಹೆಂಗಸರು ತಮ್ಮ ಮಾತಿನಲ್ಲಿ ಜೋಗುಳ ಸುರುಮಾಡಿದರು, ಯಾರೋ ಹಗ್ಗ ಎಳೆದರು. ತೊಟ್ಟಿಲಲ್ಲಿ ಕಾಲುವೆಯ ಕಲ್ಲು ಒಂದೇ ಸವನೆ ತೂಗುತ್ತಿತ್ತು. ನನ್ನ ಮೊಮ್ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.